ಹೌಫ್ ಕಥೆಗಳನ್ನು ಮಕ್ಕಳಿಗೆ ಓದಿ ಹೇಳುವುದು ಹೇಗೆ: ಒಂಟೆ ಸಾಲನ್ನು ಮಾತ್ರ ಬಿಡಬೇಡಿ

ಮಗನಿಗೆ ಆಗ ಒಂಬತ್ತು ವರ್ಷ. ಒಂದು ರಾತ್ರಿ ಲೈಟ್ ಆರಿಸಿದ ಮೇಲೂ ಮಲಗಲಿಲ್ಲ. "ಅಮ್ಮಾ, ಆ ಕೆಂಪು ನಿಲುವಂಗಿಯವನು ಯಾರು?" ಅಂತ ಕೇಳಿದ. ಅವತ್ತು ಓದಿದ್ದು ಜರ್ಮನ್ ಲೇಖಕ ಹೌಫ್ ಬರೆದ 'ಕತ್ತರಿಸಿದ ಕೈ' ಕಥೆ. ಫ್ಲಾರೆನ್ಸ್ ಊರಿನ ಹಳೇ ಸೇತುವೆ ಮೇಲೆ ನಡುರಾತ್ರಿ ಒಬ್ಬ ಅಪರಿಚಿತ ಬರುತ್ತಾನೆ. ಜ಼ಲೈಕೋಸ್ ಅನ್ನೋ ಗ್ರೀಕ್ ಯುವಕನಿಗೆ ಮೋಸ ಮಾಡಿ ಒಂದು ಕೊಲೆ ಮಾಡಿಸುತ್ತಾನೆ. ಶಿಕ್ಷೆಯಾಗಿ ಆ ಯುವಕನ ಕೈ ಹೋಗುತ್ತದೆ. ಅಪರಿಚಿತ ಯಾರು, ಯಾಕೆ ಹಾಗೆ ಮಾಡಿದ, ಏನೂ ತಿಳಿಯದೆ ಕಥೆ ಮುಗಿಯುತ್ತದೆ. ನಮ್ಮ ಮನೆಯಲ್ಲಿದ್ದದ್ದು ಒಳ್ಳೊಳ್ಳೆ ಚಿತ್ರಗಳಿದ್ದ ಮಕ್ಕಳ ಪುಸ್ತಕ. ಅದನ್ನು ಎಷ್ಟು ತಿರುವಿದರೂ ಉತ್ತರ ಸಿಗಲಿಲ್ಲ.

ಎರಡು ವಾರ ಬಿಟ್ಟು ಗ್ರಂಥಾಲಯದಲ್ಲಿ ಪೂರ್ತಿ ಸಂಪುಟ ಸಿಕ್ಕಿತು. ಉತ್ತರ ಅಲ್ಲಿತ್ತು. ಒಂದು ಕಥೆಗೂ ಇನ್ನೊಂದು ಕಥೆಗೂ ನಡುವೆ ಬರುವ ಪುಟಗಳಲ್ಲಿತ್ತು. ನಮ್ಮ ಮಕ್ಕಳ ಪುಸ್ತಕದವರು ತೆಗೆದು ಹಾಕಿದ್ದು ಅದೇ ಪುಟಗಳನ್ನು. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ ಮಾತು: ಕಥೆಗಳ ನಡುವಿನ ಪುಟಗಳನ್ನು ಹಾರಿಸಬೇಡಿ.

ಬರೆದವರು ವಿಲ್ಹೆಲ್ಮ್ ಹೌಫ್. 1802ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿ, ಟ್ಯೂಬಿಂಗೆನ್‌ನಲ್ಲಿ ಓದಿ, ಮತ್ತೆ ಸ್ಟುಟ್‌ಗಾರ್ಟ್‌ಗೆ ಬಂದು ಹ್ಯೂಗೆಲ್ ಎನ್ನುವ ಸೇನಾಧಿಕಾರಿಯ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಆ ಮಕ್ಕಳಿಗಾಗಿಯೇ ಈ ಕಥೆಗಳು ಶುರುವಾದವು. 1826, 1827, 1828ನೇ ಇಸವಿಗಳಿಗೆ ಅಂತ ವರ್ಷಕ್ಕೊಂದರಂತೆ ಮೂರು ಪುಸ್ತಕ. 1827ರ ನವೆಂಬರ್ 18ರಂದು ಹೌಫ್ ತೀರಿಕೊಂಡರು. 25 ತುಂಬಲು ಇನ್ನು 11 ದಿನ ಇತ್ತು. ಸ್ಟುಟ್‌ಗಾರ್ಟ್‌ನ ಹೊಪ್ಪೆನ್‌ಲೌ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ನಮ್ಮ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗೆನ್‌ನಲ್ಲೇ ಓದಿದವರು. ಇದು ಗೊತ್ತಾದಾಗ ಪುಸ್ತಕ ನನಗೆ ಇನ್ನಷ್ಟು ಹತ್ತಿರವಾಯಿತು.

ಮೂರು ಪುಸ್ತಕಕ್ಕೂ ಒಂದೊಂದು ಹೊರಗಿನ ಕಥೆ ಇದೆ. ಬೇತಾಳನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಕ್ರಮ ಹೆಣ ಹೊತ್ತು ನಡೆಯದಿದ್ದರೆ ಬೇತಾಳನ ಕಥೆಗೆ ಏನು ರುಚಿ? ಇಲ್ಲೂ ಹಾಗೇ. ಮೊದಲ ಪುಸ್ತಕದಲ್ಲಿ ಮರಳುಗಾಡು ದಾಟುವ ವ್ಯಾಪಾರಿಗಳು ಹೊತ್ತು ಕಳೆಯಲು ಕಥೆ ಹೇಳುತ್ತಾರೆ. ಎರಡನೆಯದರಲ್ಲಿ ಅಲೆಕ್ಸಾಂಡ್ರಿಯಾದ ಒಬ್ಬ ಶೇಖ್ ಕಳೆದುಹೋದ ಮಗನ ನೆನಪಿಗೆ ಗುಲಾಮರನ್ನು ಬಿಡುಗಡೆ ಮಾಡುತ್ತಾನೆ, ಅವರು ಕಥೆ ಹೇಳುತ್ತಾರೆ. ಮೂರನೆಯದರಲ್ಲಿ ಶ್ಪೆಸ್ಸಾರ್ಟ್ ಕಾಡಿನ ಹೋಟೆಲಿನಲ್ಲಿ ತಂಗಿದವರು ದರೋಡೆಕೋರರ ಭಯಕ್ಕೆ ನಿದ್ದೆ ಬಾರದ ಹಾಗೆ ಕಥೆ ಹೇಳಿಕೊಳ್ಳುತ್ತಾರೆ.

ಮೊದಲು ಪುಸ್ತಕ ಆರಿಸುವ ಬಗ್ಗೆ. ಕೊಳ್ಳುವ ಮುಂಚೆ ಪರಿವಿಡಿ ನೋಡಿ. 'ಡೀ ಕಾರವಾನೆ', ಅಂದರೆ 'ಒಂಟೆ ಸಾಲು', ಅನ್ನೋ ಶೀರ್ಷಿಕೆ ಕಾಣಬೇಕು, ಅದೇ ಮೊದಲ ಪುಸ್ತಕದ ಹೊರಗಿನ ಕಥೆ. ಇನ್ನೂ ಒಂದು ಸುಲಭದ ಪರೀಕ್ಷೆ ಇದೆ. 'ಡಾಸ್ ಕಾಲ್ಟೆ ಹೆರ್ಟ್ಸ್', ಅಂದರೆ 'ತಣ್ಣಗಿನ ಹೃದಯ', ಇದ್ದಿಲು ಸುಡುವ ಪೀಟರ್ ಮುಂಕ್ ತನ್ನ ಹೃದಯ ಕೊಟ್ಟು ಕಲ್ಲಿನ ಹೃದಯ ಇಟ್ಟುಕೊಳ್ಳುವ ಕಥೆ. ಮೂಲದಲ್ಲಿ ಅದು ಎರಡು ತುಂಡಾಗಿ ಬರುತ್ತದೆ, ನಡುವೆ ಬೇರೆ ಕಥೆಗಳಿರುತ್ತವೆ. ನಿಮ್ಮ ಪುಸ್ತಕದಲ್ಲಿ ಅದು ಒಂದೇ ಉದ್ದಕ್ಕೆ ಇದ್ದರೆ ಹೊರಗಿನ ಕಥೆಗೆ ಕತ್ತರಿ ಬಿದ್ದಿದೆ ಅಂತಲೇ ಲೆಕ್ಕ. ಹೌಫ್ ತೀರಿಕೊಂಡು ಸುಮಾರು ಇನ್ನೂರು ವರ್ಷ ಆಗಿರುವುದರಿಂದ ಜರ್ಮನ್ ಮೂಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಶುರು ಮಾಡುವುದಾದರೆ 'ಕಾರವಾನೆ'ಯಿಂದಲೇ ಮಾಡಿ. ಆರು ಕಥೆ. ನಾವು ದಿನಕ್ಕೊಂದರಂತೆ ಹೋದೆವು, ಕೊನೆಗೆ ಒಂದು ರಾತ್ರಿ ಬೇರೆ ಇಟ್ಟುಕೊಂಡೆವು. ಒಟ್ಟು ಏಳು ರಾತ್ರಿ. ಜರ್ಮನ್ ವಾಕ್ಯಗಳು ಉದ್ದುದ್ದ. ಅದಕ್ಕೆ ನಾನು ಮಧ್ಯಾಹ್ನವೇ ಒಂದು ಸಲ ಓದಿಕೊಂಡು, ರಾತ್ರಿ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ವಾಕ್ಯವನ್ನು ಮೂರಾಗಿ ಒಡೆಯಿರಿ, ಏನೂ ಕೆಡುವುದಿಲ್ಲ.

ಮೊದಲ ರಾತ್ರಿ ಕುದುರೆ ಸವಾರನನ್ನು ಚೆನ್ನಾಗಿ ತೋರಿಸಿ. ಮರಳಿನಲ್ಲಿ ಒಂಟೆಗಳ ಸಾಲು ಹೋಗುತ್ತಿದೆ. ದೂರದಿಂದ ಒಬ್ಬ ಬರುತ್ತಾನೆ. ಅವನ ಕುದುರೆ ಮೇಲೆ ಹುಲಿಚರ್ಮ, ಕೆಂಪು ಪಟ್ಟಿಗಳಿಗೆ ಬೆಳ್ಳಿ ಗೆಜ್ಜೆ. ಹೆಸರು ಸೆಲಿಮ್ ಬರೂಖ್. ಎಲ್ಲರೂ ಒಂದೊಂದು ಕಥೆ ಹೇಳೋಣ ಅನ್ನುವವನೂ ಇವನೇ, ಮೊದಲ ಕಥೆ ಹೇಳುವವನೂ ಇವನೇ. ಈ ಹೆಸರು ಮಕ್ಕಳ ತಲೆಯಲ್ಲಿ ನಿಲ್ಲಲೇಬೇಕು. ನಾನು ಪ್ರತಿ ರಾತ್ರಿ "ಗೆಜ್ಜೆ ಕುದುರೆಯವನು ಈಗ ಎಲ್ಲಿ ಕೂತಿದ್ದಾನೆ?" ಅಂತ ಕೇಳಿಯೇ ಶುರು ಮಾಡುತ್ತಿದ್ದೆ.

ಅವನು ಹೇಳುವ ಕಥೆ 'ಕೊಕ್ಕರೆಯಾದ ಖಲೀಫ'. ಬಾಗ್ದಾದಿನ ಖಲೀಫ ಮತ್ತು ಅವನ ವಜೀರ ಒಂದು ಕಪ್ಪು ಪುಡಿಯನ್ನು ನಶ್ಯದ ಹಾಗೆ ಮೂಗಿಗೆ ಏರಿಸಿ "ಮುತಾಬೊರ್" ಅಂದರೆ ಬೇಕಾದ ಪ್ರಾಣಿ ಆಗಬಹುದು. ಮತ್ತೆ ಮನುಷ್ಯ ಆಗಲು ಪೂರ್ವಕ್ಕೆ ಮೂರು ಸಲ ಬಗ್ಗಿ ಅದೇ ಮಾತು ಹೇಳಬೇಕು. ನಡುವೆ ನಕ್ಕರೆ ಮಾತು ಮರೆತೇ ಹೋಗುತ್ತದೆ. ಅವರು ನಗುತ್ತಾರೆ! ಮುತಾಬೊರ್ ಲ್ಯಾಟಿನ್ ಮಾತು, 'ನಾನು ಬದಲಾಗುವೆ' ಅಂತ ಅರ್ಥ. ಅದನ್ನು ಕನ್ನಡ ಮಾಡಬೇಡಿ, ಮಂತ್ರ ಮಂತ್ರದ ಹಾಗೇ ಇರಲಿ. ನಾನು "ಮು... ಮು... ಮು..." ಅಂತ ನಿಲ್ಲಿಸಿದರೆ ಮಗಳು ಹಾಸಿಗೆ ಮೇಲೆ ಎದ್ದು ನಿಂತು ಬಗ್ಗುತ್ತಿದ್ದಳು. ಪಾಳುಮನೆಯಲ್ಲಿ ಅಳುವ ಗೂಬೆಯ ಮಾತನ್ನೂ ಬಿಡಬೇಡಿ. ಅವಳು ಹಿಂದೂಸ್ತಾನದ ರಾಜನ ಮಗಳಂತೆ, ಹೆಸರು ಲೂಸಾ. ಅದನ್ನು ಕೇಳಿ ನಮ್ಮ ಮಕ್ಕಳಿಗೆ ಎಷ್ಟು ಖುಷಿ ಆಯಿತು ಅಂತೀರಿ.

ಎರಡನೆಯದು 'ದೆವ್ವದ ಹಡಗು'. ಇಲ್ಲಿ ಹುಷಾರು. ಹಡಗಿನ ನಾಯಕನ ಹಣೆಗೆ ಮೊಳೆ ಹೊಡೆದು ಅವನನ್ನು ಕಂಬಕ್ಕೆ ಜಡಿದಿರುತ್ತಾರೆ. ಏಳು ವರ್ಷದ ಮಗಳಿಗೆ ನಾನು ಕಂಬಕ್ಕೆ ಕಟ್ಟಿದ್ದರು ಅಂದೆ. ಕೊನೆಗೆ ಅವನ ತಲೆ ಮೇಲೆ ಮಣ್ಣು ಹಾಕಿದಾಗ ಶಾಪ ಕಳೆಯುವ ಮಾತು ಆಗಲೂ ಸರಿಯಾಗಿಯೇ ಕೂರುತ್ತದೆ. 'ಕತ್ತರಿಸಿದ ಕೈ' ಮಾತ್ರ ಎಂಟು ವರ್ಷದ ಕೆಳಗಿನವರಿಗೆ ಬೇಡ. ಅವತ್ತು ಮಗಳನ್ನು ಬೇಗ ಮಲಗಿಸಿದೆ. ಮರುದಿನ ಅವಳಿಗೆ, ಒಬ್ಬ ಅಪರಿಚಿತನ ಮೋಸದಿಂದ ಜ಼ಲೈಕೋಸನ ಕೈ ಹೋಯಿತು ಅಂತ ಎರಡೇ ಮಾತಿನಲ್ಲಿ ಹೇಳಿದೆ.

ಈ ಕಥೆ ಮುಗಿದ ಕೂಡಲೇ ಬರುವ ಅರ್ಧ ಪುಟವೇ ಇಡೀ ಪುಸ್ತಕದ ಜೀವ. ತನ್ನ ಕಥೆ ಹೇಳಿ ಮುಗಿಸಿದ ಜ಼ಲೈಕೋಸನನ್ನು, ಆ ಅಪರಿಚಿತನ ಮೇಲೆ ನಿನಗೆ ದ್ವೇಷ ಇಲ್ಲವಾ ಅಂತ ಕೇಳುತ್ತಾರೆ. ಮೊದಲು ದೇವರ ಹತ್ತಿರ ಅವನ ಮೇಲೆ ದೂರು ಹೇಳಿದ್ದುಂಟು ಅನ್ನುತ್ತಾನೆ ಜ಼ಲೈಕೋಸ್. ಆದರೆ ಅವನು ನನಗಿಂತ ಜಾಸ್ತಿ ದುಃಖದಲ್ಲಿರಬಹುದು ಅನ್ನುತ್ತಾನೆ. ಆಗ ಸೆಲಿಮ್ ಬರೂಖ್ ಮನಸ್ಸು ಕರಗಿ ಅವನ ಕೈ ಒತ್ತಿ ಹಿಡಿಯುತ್ತಾನೆ. ಇಷ್ಟೇ. ಇಲ್ಲಿ ನಿಧಾನ ಮಾಡಿ. ನೀವು ಮಕ್ಕಳ ಪುಟ್ಟ ಕೈ ಒಂದು ಸಲ ಒತ್ತಿ. ಏನೂ ವಿವರಿಸಬೇಡಿ, ಗುಟ್ಟು ಗೊತ್ತಿರುವ ಮುಖವನ್ನೂ ಮಾಡಬೇಡಿ.

ಆಮೇಲೆ ದರೋಡೆಕೋರರು ಬರುತ್ತಾರೆ. ಸೆಲಿಮ್ ಕೆಂಪು ನಕ್ಷತ್ರಗಳಿರುವ ಒಂದು ನೀಲಿ ಬಟ್ಟೆ ತೆಗೆದು ಈಟಿಗೆ ಕಟ್ಟಿಸುತ್ತಾನೆ. ಬಂದವರು ಸುಮ್ನೆ ಬೇರೆ ದಾರಿ ಹಿಡಿದು ಹೋಗುತ್ತಾರೆ. ಇದೂ ಒಂದು ಸುಳಿವು. ನಮ್ಮ ಮನೆಯಲ್ಲಿ ನನ್ನ ನೀಲಿ ದುಪಟ್ಟಾವನ್ನು ಮಂಚದ ಕಾಲಿಗೆ ಕಟ್ಟಿದ್ದೆವು, ಅದು ಕೊನೆಯ ರಾತ್ರಿವರೆಗೂ ಅಲ್ಲೇ ಇತ್ತು.

ನಾಲ್ಕನೆಯದು 'ಫಾತ್ಮೆಯ ಬಿಡುಗಡೆ', ಸ್ವಲ್ಪ ಎಳೆದಂತಿದೆ, ಚಿಕ್ಕದು ಮಾಡಿ ಹೇಳಿದರೂ ನಡೆಯುತ್ತದೆ. ಆದರೆ ಅದರಲ್ಲಿ ಬರುವ ಓರ್ಬಾಸಾನ್ ಅನ್ನೋ ದರೋಡೆಕೋರನ ಹೆಸರು ಬಿಡುವ ಹಾಗಿಲ್ಲ. ಐದನೆಯದು 'ಪುಟ್ಟ ಮುಕ್'. ದೊಡ್ಡ ತಲೆಯ ಕುಳ್ಳನನ್ನು ಬೀದಿ ಹುಡುಗರು ಗೇಲಿ ಮಾಡುತ್ತಾರೆ. ಆ ಹುಡುಗರಲ್ಲಿ ಒಬ್ಬನೇ ದೊಡ್ಡವನಾಗಿ ಈಗ ಕಥೆ ಹೇಳುತ್ತಿರುವುದು. ಗೇಲಿ ಮಾಡಿದ್ದಕ್ಕೆ ಅವನಪ್ಪ ಅರ್ಧ ಏಟು ಕೊಟ್ಟು, ಮುಕ್‌ನ ಬದುಕಿನ ಕಥೆ ಹೇಳುತ್ತಾನೆ. ಕೇಳಿದ ಮೇಲೆ ಹುಡುಗನಿಗೆ ತನ್ನ ತಪ್ಪು ಗೊತ್ತಾಗುತ್ತದೆ, ಉಳಿದರ್ಧ ಏಟು ಮಾಫಿ. ಶಾಲೆಯಲ್ಲಿ ಗೇಲಿಗೆ ಸಿಕ್ಕು ಬಂದಿದ್ದ ನನ್ನ ಮಗ ಇದನ್ನು ಉಸಿರು ಬಿಗಿ ಹಿಡಿದು ಕೇಳಿದ. ಆರನೆಯದು ರಾಜಕುಮಾರನ ವೇಷ ಹಾಕಿದ ದರ್ಜಿ ಹುಡುಗನದು, ಅದು ತಾನಾಗಿ ಓಡುತ್ತದೆ.

ಎರಡನೇ ಪುಸ್ತಕದ ಬಗ್ಗೆ ಒಂದು ಮಾತು. ಅಲ್ಲಿನ 'ಮೂಗುದ್ದ ಕುಳ್ಳ' ತುಂಬಾ ಚೆನ್ನಾಗಿದೆ. ಆದರೆ ಅಬ್ನರ್ ಎನ್ನುವ ಯಹೂದಿಯ ಕಥೆ ಒಂದು ಜನಾಂಗವನ್ನೇ ಕೀಳಾಗಿ ತೋರಿಸುತ್ತದೆ. ನಾನು ಅದನ್ನು ಮಕ್ಕಳಿಗೆ ಹೇಳುವುದಿಲ್ಲ.

ಏಳನೇ ರಾತ್ರಿ ಪುಸ್ತಕ ನೋಡಿಯೇ ಓದಿ, ಬಾಯಿಮಾತಿನಲ್ಲಿ ಬೇಡ. ಕೈರೋ ಬಂದಿದೆ. ಜ಼ಲೈಕೋಸ್ ತನ್ನ ಮನೆಗೆ ಸೆಲಿಮ್‌ನನ್ನು ಕರೆದಿದ್ದಾನೆ. ಹೆಜ್ಜೆ ಸದ್ದು ಕೇಳಿ ಬರಮಾಡಿಕೊಳ್ಳಲು ಹೋದರೆ ಎದುರಿಗೆ ಮುಖವಾಡ, ಚಿನ್ನದ ಕಸೂತಿಯ ಕೆಂಪು ನಿಲುವಂಗಿ. ಮುಖವಾಡ ಕಳಚುತ್ತದೆ.

ನಾನು ಅಲ್ಲಿ ನಿಲ್ಲಿಸಿದೆ. ಮಗ ಎದ್ದು ಕೂತ. "ಅಮ್ಮಾ, ಅವನೇ! ಕೈ ಹಿಡ್ಕೊಂಡನಲ್ಲ, ಅವನೇ!" ಅಂದ. ಮುಂದೆ ಓದಲು ಬಿಡಲಿಲ್ಲ. ಆ ಅರ್ಧ ಪುಟವನ್ನು ಮತ್ತೆ ತೆಗೆಸಿ, ಮೊದಲಿಂದ ಓದಿಸಿದ. ಆಮೇಲೆಯೇ ಓರ್ಬಾಸಾನ್ ಯಾರು ಅನ್ನುವ ಕೊನೆಯ ಸಾಲಿಗೆ ಬಂದೆವು.