ನೀಲಿ ಮುಚ್ಚಳದ ಟ್ಯೂಬು: ಪಿಟಿ, ಎಪಿಟಿಟಿ ಸ್ಯಾಂಪಲ್ ನಾನು ನೋಡಿಕೊಳ್ಳುವ ಬಗೆ

ಪಿಟಿ, ಎಪಿಟಿಟಿ ಎಂದರೆ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎರಡು ರಕ್ತ ಪರೀಕ್ಷೆಗಳು. ಸ್ಯಾಂಪಲ್ ಕೈಗೆ ಬಂದ ಕೂಡಲೇ ನಾನು ನೋಡುವುದು ರಕ್ತ ಟ್ಯೂಬಿನ ಮೇಲಿನ ಗೆರೆ ಮುಟ್ಟಿದೆಯೇ ಎಂದು. ಈ ಟ್ಯೂಬಿನಲ್ಲಿ 3.2% ಸೋಡಿಯಂ ಸಿಟ್ರೇಟ್ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪರೀಕ್ಷೆಯಲ್ಲಿ ಮತ್ತೆ ಸೇರಿಸುವ ಕ್ಯಾಲ್ಸಿಯಂ ಪ್ರಮಾಣ ಮಾತ್ರ ಬದಲಾಗುವುದಿಲ್ಲ. ರಕ್ತ ಕಡಿಮೆ ಬಿದ್ದಿದ್ದರೆ ಹೆಚ್ಚಾದ ಸಿಟ್ರೇಟ್ ಅದನ್ನೂ ಹಿಡಿದುಕೊಳ್ಳುತ್ತದೆ, ಪಿಟಿ, ಎಪಿಟಿಟಿ ಎರಡೂ ಸುಳ್ಳಾಗಿ ಏರುತ್ತವೆ. ಗೆರೆಯ 90% ತುಂಬದ ಟ್ಯೂಬನ್ನು ನಾನು ಮೆಷಿನ್ನಿಗೆ ಹಾಕುವುದೇ ಇಲ್ಲ. ಎರಡು ಅರೆತುಂಬಿದ ಟ್ಯೂಬು ಸೇರಿಸಿ ಒಂದು ಮಾಡಿ ಕಳಿಸುವುದೂ ತಪ್ಪೇ, ಸಿಟ್ರೇಟ್ ಇಮ್ಮಡಿಯಾಗುತ್ತದೆ.

ಗೆರೆ ಮುಟ್ಟಿಯೂ ಮೋಸ ಹೋಗುವುದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 55% ದಾಟಿದಾಗ. ಅಲ್ಲಿ ರಕ್ತದ ದ್ರವ ಭಾಗವಾದ ಪ್ಲಾಸ್ಮಾವೇ ಕಡಿಮೆ, ಸಿಟ್ರೇಟ್ ಹೆಚ್ಚಾಗಿಬಿಡುತ್ತದೆ. ಆಗ ಬೇಕಾದ ಸಿಟ್ರೇಟನ್ನು 0.00185 × (100 − ಹೆಮಟೋಕ್ರಿಟ್) × ರಕ್ತದ ಎಂ.ಎಲ್. ಎಂದು ಲೆಕ್ಕ ಹಾಕುತ್ತೇನೆ. ಹೆಮಟೋಕ್ರಿಟ್ 60%, ರಕ್ತ 2.7 ಎಂ.ಎಲ್. ಆದರೆ ಬೇಕಾದ ಸಿಟ್ರೇಟ್ 0.2 ಎಂ.ಎಲ್. ಟ್ಯೂಬಿನಲ್ಲಿರುವುದು 0.3. ಹಾಗಾಗಿ ಹೊಸ ಟ್ಯೂಬಿನಿಂದ 0.1 ಎಂ.ಎಲ್. ಸಿಟ್ರೇಟ್ ತೆಗೆದು ಅದಕ್ಕೆ ಹೊಸದಾಗಿ ರಕ್ತ ತೆಗೆಸುತ್ತೇನೆ.

ರಕ್ತ ತೆಗೆಯುವಾಗ ಟೂರ್ನಿಕೆಟ್ ಒಂದು ನಿಮಿಷ ಮೀರಬಾರದು. ಬಟರ್‌ಫ್ಲೈ ಸೂಜಿಯಾದರೆ ಮೊದಲು ಒಂದು ಟ್ಯೂಬು ಬೇರೆ ತುಂಬಿ ಬಿಸಾಡಬೇಕು. ನಳಿಕೆಯೊಳಗಿನ ಗಾಳಿಯೇ ಟ್ಯೂಬು ತುಂಬದಂತೆ ಮಾಡುತ್ತದೆ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಹೋಗುವ ಲೈನಿನಿಂದ ರಕ್ತ ತೆಗೆಯಬೇಡಿ ಎಂದೇ ಹೇಳುತ್ತೇನೆ. ಇಡಿಟಿಎ (ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕ) ಇರುವ ಟ್ಯೂಬಿನ ರಕ್ತವನ್ನು ಇದಕ್ಕೆ ಸುರಿದರಂತೂ ಕೆಟ್ಟಂತೆಯೇ. ತುಂಬಿದ ಕೂಡಲೇ ಮೂರರಿಂದ ಆರು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಸಣ್ಣ ಹೆಪ್ಪು ಕಂಡರೂ ಸ್ಯಾಂಪಲ್ ತಿರಸ್ಕರಿಸುತ್ತೇನೆ. ಅದರಲ್ಲಿ ಹೆಪ್ಪಿನ ಎಳೆಯಾಗುವ ಪ್ರೋಟೀನ್ ಫೈಬ್ರಿನೋಜೆನ್ ಆಗಲೇ ಖರ್ಚಾಗಿರುತ್ತದೆ.

ಐಸಿನಲ್ಲಿಟ್ಟು ಕಳಿಸುವುದು ಒಳ್ಳೆಯದೆಂದು ಎಷ್ಟೋ ಜನ ನಂಬಿದ್ದಾರೆ. ಇಲ್ಲಿ ಅದು ಹಾನಿ: ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಒಂದಾದ ಫ್ಯಾಕ್ಟರ್ 7 ಚುರುಕಾಗಿ ಪಿಟಿ ಇಳಿಯಬಹುದು, ಅಂಥದ್ದೇ ಇನ್ನೊಂದಾದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಕುಸಿಯುತ್ತದೆ. ಕೋಣೆಯ ತಾಪಮಾನವೇ ಸಾಕು. ಪಿಟಿ 24 ಗಂಟೆ ತಡೆಯುತ್ತದೆ, ಎಪಿಟಿಟಿಗೆ ನಾಲ್ಕೇ ಗಂಟೆ. ರೋಗಿ ಹೆಪಾರಿನ್ ಮೇಲಿದ್ದರೆ ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ (ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವುದು) ಆಗಲೇಬೇಕು. ಪ್ಲೇಟ್‌ಲೆಟ್‌ಗಳು ಬಿಡುವ ಪಿಎಫ್4 ಎಂಬ ಪ್ರೋಟೀನ್ ಹೆಪಾರಿನ್ನನ್ನು ನುಂಗಿ ಎಪಿಟಿಟಿಯನ್ನು ಕಡಿಮೆ ತೋರಿಸುತ್ತದೆ, ಅದನ್ನು ನೋಡಿ ಡೋಸ್ ಏರಿಸುವ ಅಪಾಯವಿದೆ.

1500 ಜಿ ಬಲದಲ್ಲಿ (ಗುರುತ್ವದ 1500 ಪಟ್ಟು) 15 ನಿಮಿಷ ತಿರುಗಿಸುತ್ತೇನೆ. ಫ್ರೀಜ್ ಮಾಡಬೇಕಿದ್ದರೆ ಎರಡು ಸಲ, ತಳದ ಸ್ವಲ್ಪ ಪ್ಲಾಸ್ಮಾ ಬಿಟ್ಟು. ಕರಗಿಸುವುದು 37 ಡಿಗ್ರಿ ನೀರಿನಲ್ಲೇ, ಐದು ನಿಮಿಷ. ನಿಧಾನಕ್ಕೆ ಕರಗಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಫೈಬ್ರಿನೋಜೆನ್, ಫ್ಯಾಕ್ಟರ್ 8 ಅದರಲ್ಲೇ ಉಳಿದುಬಿಡುತ್ತವೆ.