ರೌಟರ್‌ಗೊಂದು ಪಿಂಗ್, ಹೊರಕ್ಕೊಂದು ಪಿಂಗ್

ವೈಫೈ ಆಗಾಗ ಕೈಕೊಡುತ್ತದೆ ಎಂದ ಕೂಡಲೇ ಎಲ್ಲರೂ ಹೇಳುವ ಮದ್ದು ಒಂದೇ: ರೌಟರ್ ಆಫ್ ಮಾಡಿ ಆನ್ ಮಾಡು. ನಮ್ಮ ಮನೆಯಲ್ಲೂ ಬಹಳ ಕಾಲ ಅದೇ ನಡೆಯಿತು. ಹಾಗೆ ಮಾಡಿದರೆ ಸರಿಹೋಗುತ್ತಿತ್ತು ಬೇರೆ; ತಲೆನೋವು ಶುರುವಾದದ್ದೇ ಅಲ್ಲಿಂದ. ರೀಸ್ಟಾರ್ಟ್ ಆದಾಗ ರೌಟರ್ ಹೊಸ ಚಾನೆಲ್ (ವೈಫೈ ಓಡುವ ರೇಡಿಯೊ ದಾರಿ) ಹಿಡಿಯಬಹುದು, ಫೋನು, ಟಿವಿ ಎಲ್ಲ ಹೊಸದಾಗಿ ಸೇರಿಕೊಳ್ಳುತ್ತವೆ, ಹೊರಗಿನ ಲೈನ್ ಮೊದಲಿನಿಂದ ಕನೆಕ್ಟ್ ಆಗುತ್ತದೆ, ಎಷ್ಟೋ ರೌಟರ್‌ಗಳಲ್ಲಿ ಏನೇನು ನಡೆಯಿತೆಂದು ಅದು ಬರೆದಿಡುವ ಲಾಗ್ ಕೂಡ ಅಳಿಸಿಹೋಗುತ್ತದೆ. ಇಷ್ಟೆಲ್ಲ ಒಟ್ಟಿಗೆ ಬದಲಾದ ಮೇಲೆ ಯಾವುದರಿಂದ ಗುಣವಾಯಿತು ಅಂತ ಹೇಳುವುದು ಹೇಗೆ? ಅದಕ್ಕೇ ಮೊದಲು ಮನೆಯವರಿಗೆಲ್ಲ ಒಂದು ಮಾತು ಹೇಳಿದೆ: ನೆಟ್ ನಿಂತರೆ ಸ್ವಿಚ್ ಮುಟ್ಟಬೇಡಿ, ಗಂಟೆ ಎಷ್ಟು, ಯಾವ ಕೋಣೆ, ಏನು ಮಾಡುತ್ತಿದ್ದಿರಿ, ಇಷ್ಟನ್ನು ಬರೆದಿಡಿ.

"ನೆಟ್ ಇಲ್ಲ ಅಂದ್ರೆ ನೋಟ್‌ಬುಕ್ ಕೊಡ್ತೀಯಲ್ಲೋ" ಎಂದು ಅಕ್ಕ ಗೊಣಗಿದಳು. ಆದರೆ ಬರೆದಳು. ಆಮೇಲೆ ಕೆಲಸಕ್ಕೆ ಬಂದದ್ದು ಹೆಚ್ಚಾಗಿ ಅವಳು ಬರೆದದ್ದೇ.

ನಾನು ಮಾಡಿದ್ದು ಸರಳ. ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ರೌಟರ್‌ಗೆ, ಅಂದರೆ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅಂದರೆ ಗೂಗಲ್‌ನ ಸರ್ವರ್‌ಗೆ, ನಿಲ್ಲದೆ ಪಿಂಗ್ ಹಾಕಿಟ್ಟೆ. ಪಿಂಗ್ ಎಂದರೆ ಒಂದು ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ನೋಡುವುದು. ರೌಟರ್ ವಿಳಾಸ ಎಲ್ಲರ ಮನೆಯಲ್ಲೂ ಇದೇ ಇರುವುದಿಲ್ಲ. ನೆಟ್‌ವರ್ಕ್ ವಿವರದಲ್ಲಿ ಡಿಫಾಲ್ಟ್ ಗೇಟ್‌ವೇ ಎಂದು ಇರುವ ಅಂಕಿಯೇ ಅದು. ಮೊದಲನೆಯ ಪಿಂಗ್ ಕೆಟ್ಟರೆ ತಪ್ಪು ಗಾಳಿಯಲ್ಲಿದೆ, ಎಂದರೆ ಲ್ಯಾಪ್‌ಟಾಪಿಗೂ ರೌಟರ್‌ಗೂ ನಡುವೆ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಮಾತ್ರ ಕೆಟ್ಟರೆ ವೈಫೈಯನ್ನು ಬೈಯುವುದರಲ್ಲಿ ಅರ್ಥವಿಲ್ಲ, ತೊಂದರೆ ಲೈನಿನ ಕಡೆ. ಎರಡೂ ಚೆನ್ನಾಗಿದ್ದು ವೆಬ್‌ಸೈಟು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ, ಅಂದರೆ ವೆಬ್‌ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಮೇಲೆ, ಅನುಮಾನ ಪಡಬಹುದು. ಇದರ ಜೊತೆಗೆ ಕೇಬಲ್‌ನಲ್ಲಿ ರೌಟರ್‌ಗೆ ಸಿಕ್ಕಿಸಿದ ಹಳೆಯ ಕಂಪ್ಯೂಟರಿನಿಂದಲೂ ಹೊರಕ್ಕೆ ಒಂದು ಪಿಂಗ್ ಓಡುತ್ತಿತ್ತು. ಅದು ಸಾಕ್ಷಿಗೆ.

ಒಂದು ಎಚ್ಚರಿಕೆ. ಫೋನಿನಿಂದ ಅಥವಾ ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪಿನಿಂದ ಪಿಂಗ್ ನೋಡಿದರೆ ಅಂಕಿಗಳು ಸುಮ್ಮಸುಮ್ಮನೆ ಕುಣಿಯುತ್ತವೆ. ವಿದ್ಯುತ್ ಉಳಿಸಲು ವೈಫೈ ರೇಡಿಯೊ ಆಗಾಗ ನಿದ್ದೆಗೆ ಜಾರುತ್ತದೆ, ನಾನಿದ್ದೇನೆ ಎಂದು ರೌಟರ್ ಕಳಿಸುವ ಬೀಕನ್ ಸಂಕೇತಕ್ಕೆ ಎಚ್ಚರಾಗುತ್ತದೆ. ಬೀಕನ್ ಸಾಮಾನ್ಯವಾಗಿ ಸುಮಾರು 100 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಹಾಗಾಗಿ ನಡುನಡುವೆ ಕಾಣುವ ಒಂದು 90, ಒಂದು 110 ರೋಗವಲ್ಲ. ಚಾರ್ಜರ್ ಹಾಕಿ, ಪವರ್ ಸೇವಿಂಗ್ ತೆಗೆದು ನೋಡಬೇಕು.

ನೋಟ್‌ಬುಕ್ಕು ತುಂಬುತ್ತಾ ಬಂದಂತೆ ಒಂದೇ ಕಾಯಿಲೆ ಅಂದುಕೊಂಡಿದ್ದದ್ದು ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಎಂದು ಗೊತ್ತಾಯಿತು. ಬಹಳ ಸತಾಯಿಸಿದ್ದು ನನ್ನ ಟೇಬಲ್ಲಿನದು.

ಅಲ್ಲಿ ಸಿಗ್ನಲ್ ಕಡ್ಡಿಗಳು ಯಾವಾಗಲೂ ತುಂಬಿರುತ್ತಿದ್ದವು. ಅಳೆದರೆ ಮೈನಸ್ 52 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ). ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. ಮೂರು ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು ಅಂತ ಲೆಕ್ಕ. ದನಿ, ವಿಡಿಯೊ ಕರೆಗಳಿಗೆ ಮೈನಸ್ 67ರ ಆಸುಪಾಸು ಇರಲಿ ಎಂದು ನೆಟ್‌ವರ್ಕ್ ಕೆಲಸದವರು ನೋಡಿಕೊಳ್ಳುತ್ತಾರೆ. ಹಾಗಾದರೆ 52 ಧಾರಾಳ. ಆದರೂ ರೌಟರ್ ಪಿಂಗ್ 3 ಮಿಲಿಸೆಕೆಂಡಿನಿಂದ ಒಮ್ಮೆಲೇ ನೂರಾರಕ್ಕೆ ಹಾರುತ್ತಿತ್ತು, ಕೆಲವೊಮ್ಮೆ ಉತ್ತರವೇ ಇಲ್ಲ. ಕಡ್ಡಿಗಳು ಹೇಳುವುದು ಸಿಗ್ನಲ್ ಎಷ್ಟಿದೆ ಎಂದು ಮಾತ್ರ, ಅದರ ಸುತ್ತ ಗದ್ದಲ ಎಷ್ಟಿದೆ ಎಂದಲ್ಲ.

ಗದ್ದಲ ಅಂದ ಮೇಲೆ ಮೊದಲ ಅನುಮಾನ ಅಕ್ಕಪಕ್ಕದ ಮನೆಗಳ ವೈಫೈ ಮೇಲೆ. ಸ್ಕ್ಯಾನರ್ ಆ್ಯಪ್ ಹಾಕಿ ನೋಡಿದರೆ, ವೈಫೈ ಬಳಸುವ ರೇಡಿಯೊ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲ್ಲಿ ಚಾನೆಲ್‌ಗಳು 5 ಮೆಗಾಹರ್ಟ್ಸ್‌ಗೊಂದರಂತೆ ಇವೆ, ಆದರೆ ಒಂದು ಸಂಪರ್ಕಕ್ಕೆ ಕಡಿಮೆಯೆಂದರೂ 20 ಮೆಗಾಹರ್ಟ್ಸ್ ಅಗಲ ಬೇಕು. ಹಾಗಾಗಿ ಒಂದರ ಮೇಲೊಂದು ಬೀಳದೆ ಕೂರುವುದು 1, 6, 11 ಮೂರೇ. ಯಾರೋ 3ರಲ್ಲಿ ಕೂತಿದ್ದರು. ಇದು ಅತ್ತ 1ಕ್ಕೂ ಇತ್ತ 6ಕ್ಕೂ ತೊಂದರೆ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಒಬ್ಬರ ಮಾತು ಮುಗಿಯಲಿ ಎಂದು ಇನ್ನೊಬ್ಬರು ಕಾಯುತ್ತವೆ. ಅರೆಬರೆ ಮೇಲೆ ಬಿದ್ದವು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದೆ ಬರೀ ಗದ್ದಲವಾಗುತ್ತವೆ. ನಮ್ಮ ರೌಟರ್ 40 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡಿತ್ತು. 20ಕ್ಕೆ ಇಳಿಸಿ 11ರಲ್ಲಿ ಕೂರಿಸಿದೆ. ಸ್ವಲ್ಪ ಸುಧಾರಿಸಿತು, ಗುಣವಾಗಲಿಲ್ಲ.

ಸುಳಿವು ಸಿಕ್ಕಿದ್ದು ಮೌಸಿನಿಂದ. ಪಿಂಗ್ ಹಾರುವ ಹೊತ್ತಿಗೆ ಸರಿಯಾಗಿ ವೈರ್‌ಲೆಸ್ ಮೌಸಿನ ಬಾಣವೂ ತಡವರಿಸುತ್ತಿತ್ತು. ಮೌಸಿನ ಪುಟ್ಟ ರಿಸೀವರ್ ಕೂಡ 2.4 ಗಿಗಾಹರ್ಟ್ಸಿನದು, ಆದರೆ ಅದಕ್ಕೂ ರೌಟರ್‌ಗೂ ಮಾತುಕತೆ ಇಲ್ಲ. ಎರಡೂ ಒಟ್ಟಿಗೆ ಕೆಡುತ್ತವೆ ಎಂದರೆ ಗದ್ದಲ ಮಾಡುವವನು ಟೇಬಲ್ ಮೇಲೇ ಇದ್ದಾನೆ. ನೋಟ್‌ಬುಕ್ಕಿನ ಸಮಯಗಳನ್ನು ನೋಡಿದೆ: ಬ್ಯಾಕಪ್ ಓಡುವ ಹೊತ್ತು. ಲ್ಯಾಪ್‌ಟಾಪಿನ ಪಕ್ಕಕ್ಕೆ ಒತ್ತಿಕೊಂಡು ಮಲಗಿದ್ದ ಯುಎಸ್‌ಬಿ 3 ಹಾರ್ಡ್ ಡಿಸ್ಕ್.

ಪಿಂಗ್ ಕಿಟಕಿ ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡಿದೆ. ಡಿಸ್ಕ್ ಕಿತ್ತಾಗ 3, 3, 4, 3. ಸಿಕ್ಕಿಸಿ ದೊಡ್ಡದೊಂದು ಫೈಲ್ ಕಾಪಿಗೆ ಹಾಕಿದೆ: 4, 180, 412, ಉತ್ತರವಿಲ್ಲ, 367. ಕಾಪಿ ನಡೆಯುತ್ತಿರುವಾಗಲೇ ಡಿಸ್ಕನ್ನು ಕೈಯಲ್ಲಿ ಎತ್ತಿ ಕೇಬಲ್ ಎಳೆಯುವಷ್ಟು ದೂರ ಹಿಡಿದೆ. 40, 22, 9. ಮತ್ತೆ ಹತ್ತಿರ ತಂದೆ, ಮತ್ತೆ ನೂರಾರು. ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಅದರ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೂ ಹರಡುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ಅಳತೆಗಳ ಸಮೇತ ಪ್ರಬಂಧ ಪ್ರಕಟಿಸಿತ್ತು. ಡಿಸ್ಕಿಗೆ ಒಳ್ಳೆಯ ಕವಚವಿರುವ ಕೇಬಲ್ ಹಾಕಿ ದೂರ ಸರಿಸಿದೆ, ಲ್ಯಾಪ್‌ಟಾಪನ್ನು ವೈಫೈಯ ಇನ್ನೊಂದು ಬ್ಯಾಂಡಾದ 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಯಾವುದಕ್ಕೆ ಸೇರಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪೇ ಹೊರತು ನಾವಲ್ಲ, ಹಾಗಾಗಿ 5ಕ್ಕೆ ಬೇರೆ ಹೆಸರು ಕೊಟ್ಟೆ. ಒಂದೇ ಹೆಸರಿರಲಿ ಎನ್ನುವವರು ಬಹಳ ಮಂದಿ. ತೊಂದರೆ ಹುಡುಕುವಷ್ಟು ದಿನವಾದರೂ ಬೇರೆ ಬೇರೆ ಇರುವುದೇ ಲೇಸು.

ಟಿವಿಯ ಕಥೆ ಬೇರೆ. ಅದು 5 ಗಿಗಾಹರ್ಟ್ಸಿನಲ್ಲೇ ಇತ್ತು, ಚೆನ್ನಾಗಿ ಓಡುತ್ತಾ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು, ಒಂದೆರಡು ನಿಮಿಷದಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ಲ್ಯಾಪ್‌ಟಾಪನ್ನೂ ಅದೇ ಬ್ಯಾಂಡಿಗೆ ತಂದ ಮೇಲೆ ನನ್ನ ಎರಡೂ ಪಿಂಗ್ ಆ ಹೊತ್ತಿಗೇ ಸತ್ತವು; ಕೇಬಲ್‌ನಲ್ಲಿದ್ದ ಹಳೆಯ ಕಂಪ್ಯೂಟರ್ ಮಾತ್ರ ಏನೂ ಆಗದಂತೆ ಓಡುತ್ತಿತ್ತು. ರೌಟರ್ ಮುಂದೆ ಹೋಗಿ ನೋಡಿದರೆ 5 ಗಿಗಾಹರ್ಟ್ಸಿನ ದೀಪವೇ ಆರಿತ್ತು. ಲಾಗ್ ತೆಗೆದೆ: ರಾಡಾರ್ ಪತ್ತೆಯಾಗಿದೆ, ಚಾನೆಲ್ ಬದಲಾಗುತ್ತಿದೆ. ಈ ಬ್ಯಾಂಡಿನ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನ ರಾಡಾರ್‌ನಂಥವು ಕೂಡ ಬಳಸುತ್ತವೆ. ಹಾಗಾಗಿ ಅಲ್ಲಿ ಕೂರುವ ರೌಟರ್, ರಾಡಾರ್ ಸದ್ದು ಕೇಳಿದ ಕೂಡಲೇ ಜಾಗ ಬಿಡಬೇಕು, ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋಗುವುದಾದರೆ ಕಡಿಮೆಯೆಂದರೆ 60 ಸೆಕೆಂಡು ಸುಮ್ಮನೆ ಆಲಿಸಬೇಕು ಎಂಬ ನಿಯಮವಿದೆ. ಡಿಎಫ್‌ಎಸ್ ಅನ್ನುವುದು ಇದನ್ನೇ. ನಿಜವಾದ ರಾಡಾರೇ ಇರಬೇಕೆಂದಿಲ್ಲ, ಬೇರೇನೋ ಸದ್ದಿಗೂ ರೌಟರ್ ಬೆಚ್ಚುತ್ತದೆ. ಆಟೋ ಎಂದಿದ್ದನ್ನು ತೆಗೆದು ಚಾನೆಲ್ 36 ಎಂದು ಬರೆದೆ. 80 ಮೆಗಾಹರ್ಟ್ಸ್ ಅಗಲಕ್ಕೆ ಅದು 36ರಿಂದ 48ರವರೆಗೆ ಆವರಿಸುತ್ತದೆ, ಅಲ್ಲಿ ಈ ಕಟ್ಟಳೆ ಇಲ್ಲ. ಟಿವಿ ದೂರು ಅಲ್ಲಿಗೆ ಮುಗಿಯಿತು.

ಉಳಿದದ್ದು ಅಕ್ಕನ ವಿಡಿಯೊ ಕರೆ. ಸಂಜೆ ಹೊತ್ತು ಅವಳ ದನಿ ಆ ಕಡೆಯವರಿಗೆ ತುಂಡುತುಂಡಾಗಿ ಕೇಳುತ್ತಿತ್ತು. ಅವಳು ಬರೆದಿಟ್ಟ ಸಮಯಕ್ಕೆ ನನ್ನ ದಾಖಲೆ ತಾಳೆ ನೋಡಿದೆ. ರೌಟರ್ ಪಿಂಗ್ 3, ಹೊರಗಿನದು 20ರಿಂದ 900ಕ್ಕೆ ಏರಿತ್ತು, ಕೇಬಲ್ ಕಂಪ್ಯೂಟರಿನಲ್ಲೂ ಅಷ್ಟೇ. ವೈಫೈ ನಿರಪರಾಧಿ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡುವ ಮೊದಲು ರೌಟರ್ ಪುಟದಲ್ಲಿ ಯಾರು ಎಷ್ಟು ಕಳಿಸುತ್ತಿದ್ದಾರೆ ಎಂದು ನೋಡಿದರೆ, ಅಕ್ಕನದೇ ಫೋನು ಚಾರ್ಜಿಗೆ ಹಾಕಿದ ಕೂಡಲೇ ಫೋಟೊಗಳನ್ನೆಲ್ಲ ಮೇಲಕ್ಕೆ ಕಳಿಸಲು ಶುರುಮಾಡುತ್ತಿತ್ತು. ಅಪ್‌ಲೋಡ್ ದಾರಿ ಕಿರಿದು. ತುಂಬಿದಾಗ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಬಿದ್ದುಹೋಗುವ ಬದಲು ಉದ್ದನೆಯ ಸರದಿಯಲ್ಲಿ ನಿಲ್ಲುತ್ತವೆ. ಒಂದೇ ಕೌಂಟರಿನ ಮುಂದೆ ಮೂಟೆ ಹೊತ್ತವರ ಹಿಂದೆ, ಒಂದು ಚೀಟಿ ಕೊಡಲು ಬಂದವನೂ ಕಾಯುವ ಹಾಗೆ ಕರೆಯ ಪುಟ್ಟ ಪ್ಯಾಕೆಟ್ ಕಾಯುತ್ತದೆ. ಬಫರ್‌ಬ್ಲೋಟ್ ಎನ್ನುತ್ತಾರೆ. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ. ಕಾಣಬೇಕೆಂದರೆ ದೊಡ್ಡ ಅಪ್‌ಲೋಡ್ ಹಾಕಿ ಪಕ್ಕದಲ್ಲಿ ಪಿಂಗ್ ನೋಡಬೇಕು.

ಇದಕ್ಕೆ ಮದ್ದು ರೌಟರ್‌ನ ಎಸ್‌ಕ್ಯೂಎಂ, ಅಂದರೆ ಈ ಸರದಿಯನ್ನು ಜಾಣತನದಿಂದ ನಿಭಾಯಿಸುವ ಸೆಟ್ಟಿಂಗ್. ಎಫ್‌ಕ್ಯೂ-ಕೋಡೆಲ್, ಕೇಕ್ ಎಂಬ ವಿಧಾನಗಳ ಹೆಸರುಗಳು ಅಲ್ಲಿ ಕಾಣುತ್ತವೆ. ಮೊದಲನೆಯದನ್ನು 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬರೆದಿಟ್ಟಿದ್ದಾರೆ. ಅಳೆದು ಸಿಕ್ಕ ವೇಗದ ಶೇಕಡಾ 90ರ ಸುತ್ತ ಮಿತಿ ಹಾಕಿದರೆ ಸರದಿ ನಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮುಂದೆ ಬಿಡಬೇಕೆಂದು ಅದೇ ನೋಡಿಕೊಳ್ಳುತ್ತದೆ. ವೇಗ ಸ್ವಲ್ಪ ಕೈಬಿಟ್ಟಂತೆ, ಆದರೆ ಫೋಟೊ ಹೋಗುತ್ತಿದ್ದರೂ ಹೊರಗಿನ ಪಿಂಗ್ 30 ದಾಟಲಿಲ್ಲ. ನನ್ನನ್ನು ಕೇಳಿದರೆ ಇನ್ನೂ ಹೆಚ್ಚಿನ ವೇಗದ ಪ್ಲಾನ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು.

ಹಿಂದಿನ ಕೋಣೆಯ ವಿಷಯ ಚಿಕ್ಕದು. ರೌಟರ್ ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮಗ್ಗುಲಲ್ಲಿ ಇತ್ತು. ಎತ್ತರದ ಬಯಲು ಜಾಗಕ್ಕೆ ತಂದದ್ದಷ್ಟಕ್ಕೇ ಆ ಕೋಣೆಯ ಅಂಕಿ ಮೈನಸ್ 78ರಿಂದ 69ಕ್ಕೆ ಬಂತು. ರಿಪೀಟರ್ ಬೇಡವೆಂದೆ, ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ರಿಪೀಟರ್ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ. ಕೇಬಲ್ ಎಳೆದು ಹಳೆಯ ರೌಟರ್ ಒಂದನ್ನು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ, ಮಾಡಿದೆ. ಹೀಗೆ ಮಾಡುವವರು ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದಕ್ಕೆ ಬೇರೆ ವಿಳಾಸ ಕೊಟ್ಟು, ಕೇಬಲನ್ನು ಲ್ಯಾನ್ ಪೋರ್ಟಿಗೇ ಸಿಕ್ಕಿಸಬೇಕು. ಇಲ್ಲದಿದ್ದರೆ ಒಂದೇ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗಿ ಹೊಸ ರಗಳೆ. ಕೇಬಲ್ ಹಾಕಿದ ಮೇಲೆ ಲಿಂಕ್ ವೇಗವನ್ನೂ ನೋಡಿ. ನನಗೆ 1000 ಮೆಗಾಬಿಟ್ಟಿನ ಬದಲು 100 ತೋರಿಸಿತು. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಯೂ ಬೇಕು, 100ಕ್ಕೆ ಎರಡು ಸಾಕು. ತುದಿಯ ಪ್ಲಗ್ ಒಳಗೆ ಒಂದು ತಂತಿ ಕೂತಿರಲಿಲ್ಲ. ಪ್ಲಗ್ ಕತ್ತರಿಸಿ ಹೊಸದು ಹಾಕಿದೆ, 1000 ಬಂತು.

ಇನ್ನೂ ಹಟ ಮಾಡುತ್ತಿರುವುದು ವೈಫೈ ಮೂಲಕ ಆನ್ ಆಫ್ ಮಾಡುವ ಒಂದು ಹಳೆಯ ಸ್ಮಾರ್ಟ್ ಪ್ಲಗ್. ರೌಟರ್‌ನಲ್ಲಿ ವೈಫೈ ಭದ್ರತೆಯ ಹಳೆಯ, ಹೊಸ ಬಗೆಗಳಾದ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡನ್ನೂ ಬೆರೆಸಿದ ಮೋಡ್ ಇಟ್ಟರೆ ಅದು ಸೇರುವುದೇ ಇಲ್ಲ. ಸದ್ಯಕ್ಕೆ 2.4ರಲ್ಲಿ ಡಬ್ಲ್ಯುಪಿಎ2 ಮಾತ್ರ ಇರುವ ಗೆಸ್ಟ್ ನೆಟ್‌ವರ್ಕ್ ತೆರೆದು ಅದನ್ನು ಅಲ್ಲಿಗೆ ಕಳಿಸಿದ್ದೇನೆ. ಮನೆಯ ಬೇರೆ ಕಂಪ್ಯೂಟರುಗಳಿಂದ ಅದು ದೂರ ಇರುವುದು ಹೇಗಿದ್ದರೂ ಒಳ್ಳೆಯದೇ.