ಪಾಂಟೂನ್ ಬಿಟ್ಟು ನಡುನೀರಿನ ಮೂರಿಂಗ್‌ಗೆ: ಮನೆಯವರನ್ನು ಒಪ್ಪಿಸಿದ ಬಗೆ

ದಡದಿಂದ ನಡೆದು ಹೋಗಬಹುದಾದ ತೇಲುಕಟ್ಟೆಯ, ಅಂದರೆ ಪಾಂಟೂನಿನ, ಜಾಗ ಬಿಟ್ಟು ಬೋಟನ್ನು ನಡುನೀರಿನ ಮೂರಿಂಗ್‌ನಲ್ಲಿ (ತಳದ ಭಾರಕ್ಕೆ ಸರಪಳಿಯಿಂದ ಬಿಗಿದ ತೇಲುಬುರುಡೆ, ಅಂದರೆ ಬೋಯ್‌ಗೆ) ಕಟ್ಟಿದರೆ ವರ್ಷದ ಬಾಡಿಗೆ ಇಳಿಯುತ್ತದೆ. ಇದು ಮನೆಯಲ್ಲಿ ಇಬ್ಬರಿಗೂ ಗೊತ್ತಿರುವ ವಿಷಯ. ಹಾಗಾಗಿ ಹಣದ ಲೆಕ್ಕ ಹಿಡಿದುಕೊಂಡು ಒಪ್ಪಿಸಲು ಕೂತರೆ ಮಾತು ಮುಂದೆ ಹೋಗುವುದಿಲ್ಲ. ಬೇಡ ಅನ್ನುವವರು ಉಳಿತಾಯ ಬೇಡ ಅನ್ನುತ್ತಿರುವುದಿಲ್ಲ. ದಡದಿಂದ ಕರೆದೊಯ್ಯುವ ಸಣ್ಣ ದೋಣಿಯಾದ ಡಿಂಗಿಯಿಂದ ಬೋಟಿಗೆ ಕಾಲಿಡುವ ಆ ಒಂದು ಕ್ಷಣ ಬೇಡ, ಒದ್ದೆಯಾದ ಬಟ್ಟೆ ಬೇಡ, ರಾತ್ರಿ ಕತ್ತಲಲ್ಲಿ ವಾಪಸ್ ಬರುವುದು ಬೇಡ, ಗಾಳಿ ಎದ್ದ ರಾತ್ರಿ ಬೋಟು ಅಲ್ಲೇ ಇದೆಯೋ ಇಲ್ಲವೋ ಎಂಬ ಚಿಂತೆ ಬೇಡ. ಇವುಗಳಲ್ಲಿ ಯಾವುದು ಎಂದು ಕೇಳಿ ತಿಳಿದುಕೊಂಡು, ಅದಕ್ಕೆ ಮಾತಿನಿಂದಲ್ಲ, ವಸ್ತುವಿನಿಂದ ಉತ್ತರ ಕೊಡುವುದೇ ನಾನು ಹಿಡಿದ ದಾರಿ.

ಕಾರಿನ ಬಾಗಿಲಿನಿಂದ ಕ್ಯಾಬಿನ್‌ವರೆಗಿನ ದಾರಿಯನ್ನು ಇಬ್ಬರೂ ಸೇರಿ, ಸಾಮಾನಿಲ್ಲದೆ, ಒಮ್ಮೆ ನಡೆದು ನೋಡಬೇಕು. ಅದೂ ಇಳಿತದ ಹೊತ್ತಿನಲ್ಲಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ನೀರು ಅತಿ ಕೆಳಗೆ ಇಳಿಯುತ್ತದೆ. ಉಬ್ಬರದಲ್ಲಿ ಚೆಂದ ಕಾಣುವ, ಡಿಂಗಿ ಇಳಿಸುವ ಇಳಿಜಾರು ಆಗ ಪಾಚಿಗಟ್ಟಿ ಜಾರುತ್ತದೆ, ಅದರ ಕೊನೆಗೆ ಮೊಣಕಾಲುದ್ದ ಕೆಸರು ಇದ್ದರೂ ಇರಬಹುದು. ಇದನ್ನು ಮುಚ್ಚಿಟ್ಟು ಉಬ್ಬರದ ಹೊತ್ತಿಗೆ ಕರೆದೊಯ್ದರೆ ಒಪ್ಪಿಗೆ ಸಿಗುತ್ತದೆ, ಆದರೆ ಮುಂದಿನ ಇಳಿತದವರೆಗೆ ಮಾತ್ರ. ಯಾವ ಮಟ್ಟದವರೆಗೆ ಒಣಗಾಲಲ್ಲಿ ಇಳಿಯಬಹುದು ಎಂದು ಗುರುತು ಮಾಡಿಕೊಂಡರೆ, ಉಬ್ಬರ ಇಳಿತದ ಪಟ್ಟಿ ನೋಡಿ ಹೊರಡುವ ಹೊತ್ತು ನಿಗದಿ ಮಾಡಬಹುದು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಸರಿಹೋದದ್ದು ಮುಂದಿನ ಶನಿವಾರ ಸರಿಹೋಗದು.

ಇನ್ನು ಡಿಂಗಿ. ಮೂರಿಂಗ್‌ನಲ್ಲಿ ಉಳಿಸಿದ ಹಣವನ್ನು ಡಿಂಗಿಯಲ್ಲೂ ಉಳಿಸಲು ಹೋದವರ ಮನೆಯಲ್ಲೇ ಈ ಜಗಳ ವರ್ಷಗಟ್ಟಲೆ ನಡೆಯುವುದು. ಇಬ್ಬರು ದೊಡ್ಡವರು ಮತ್ತು ವಾರಾಂತ್ಯದ ಸಾಮಾನಿಗೆ 2.3 ಮೀಟರಿನ ಗಾಳಿ ಡಿಂಗಿ (ಗಾಳಿ ತುಂಬಿ ಉಬ್ಬಿಸುವಂಥದ್ದು) ಸಾಲದು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. 2.7 ಮೀಟರ್ ಆದರೆ ಅದೇ ಜನಕ್ಕೆ ಸಾಕಷ್ಟು ಜಾಗ. ಗಟ್ಟಿ ಒಡಲಿನ ಡಿಂಗಿ ಹುಟ್ಟು ಹಾಕಲು ಹಗುರ, ಆದರೆ ಅಂಚಿಗೆ ಕಾಲಿಟ್ಟರೆ ವಾಲುತ್ತದೆ. ಗಾಳಿ ಡಿಂಗಿ ವಾಲುವುದು ಕಡಿಮೆ, ಆದರೆ ಎದುರುಗಾಳಿಯಲ್ಲಿ ಹುಟ್ಟು ಹಾಕುವುದು ಹೆಣಗಾಟ. ಹತ್ತಿ ಇಳಿಯುವುದೇ ಭಯವಾಗಿದ್ದರೆ ಗಾಳಿ ಡಿಂಗಿಯನ್ನೇ ಆರಿಸಿ, ನೆಲ ಮಾತ್ರ ಗಟ್ಟಿ ಇರಲಿ: ಅಲ್ಯೂಮಿನಿಯಂ ಹಲಗೆ, ಇಲ್ಲವೇ ಹೆಚ್ಚು ಒತ್ತಡದ ಗಾಳಿ ನೆಲ. ಬಳುಕುವ ನೆಲದ ಮೇಲೆ ನಿಂತು ಧೈರ್ಯ ತಂದುಕೊಳ್ಳಿ ಅಂದರೆ ಯಾರೂ ತಂದುಕೊಳ್ಳುವುದಿಲ್ಲ. ಡಿಂಗಿಯ ಆಯ್ಕೆಯನ್ನು ನಾನು ಮನೆಯವರಿಗೇ ಬಿಟ್ಟೆ.

ಎಂಜಿನ್ ತೂಕವನ್ನು ಎಲ್ಲರೂ ಕಡೆಗಣಿಸುತ್ತಾರೆ. 2.5 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಡಿಂಗಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಸುಮಾರು 17 ಕೆ.ಜಿ. ಅದನ್ನು ಅಲುಗಾಡುವ ಡಿಂಗಿಯಿಂದ ಬೋಟಿನ ಕಂಬಿಗೆ ಎತ್ತಿ ಕೊಡುವುದು ಇಬ್ಬರಿಗೂ ಬೇಡದ ಕೆಲಸ. ಬ್ಯಾಟರಿಯದ್ದಾದರೆ ಬ್ಯಾಟರಿ ಬೇರೆ, ದಂಡ ಬೇರೆ ಎತ್ತಬಹುದು, ಪೆಟ್ರೋಲಿನ ವಾಸನೆಯೂ ಇಲ್ಲ. ಯಾವುದಾದರೂ ಸರಿ, ಹುಟ್ಟುಗಳು ಜೊತೆಗೆ ಇರಲೇಬೇಕು. ಒಬ್ಬರೇ ಹೋಗುವಾಗ ಹಿಂದೆ ಕೂತರೆ ಡಿಂಗಿಯ ಮುಂಭಾಗ ಮೇಲೆದ್ದು ಗಾಳಿಗೆ ತಿರುಗುತ್ತದೆ. ಎಂಜಿನ್ ಹಿಡಿಕೆಗೆ ಉದ್ದನೆಯ ಕೊಳವೆ ಸಿಕ್ಕಿಸಿಕೊಂಡು ಮಧ್ಯದಲ್ಲಿ ಕೂತರೆ ಈ ತೊಂದರೆ ಇಲ್ಲ, ನೀರು ಸಿಡಿಯುವುದೂ ಕಡಿಮೆ.

ಒದ್ದೆ ಬಟ್ಟೆಯ ದೂರು ಸಣ್ಣದೆಂದು ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ನೀರು ಮೇಲಿಂದ ಬರುವುದಕ್ಕಿಂತ ಹೆಚ್ಚಾಗಿ ಡಿಂಗಿಯ ಅಂಚಿನಲ್ಲಿ ಕೂರುವ ಗಾಳಿ ಕೊಳವೆಯ ಮೇಲೆ, ನೆಲದಲ್ಲಿ ಮೊದಲೇ ನಿಂತಿರುತ್ತದೆ. ಒಂದು ಸ್ಪಂಜು, ಒಂದು ನೀರೆತ್ತುವ ಡಬ್ಬ, ಕೂರಲು ನೀರು ಹೀರದ ಮುಚ್ಚುಕೋಶದ ಫೋಮ್ ದಿಂಬು, ಸಾಮಾನಿಗೆ ಸುರುಳಿ ಮಡಿಸಿ ಮುಚ್ಚುವ ನೀರು ಹೋಗದ ಚೀಲ, ಇಷ್ಟಿದ್ದರೆ ಸಾಕು. ನಿಧಾನ ಹೋದರೆ ಸಿಡಿತವೂ ಇಲ್ಲ.

ಈಗ ಆ ಕಾಲಿಡುವ ಕ್ಷಣ. ಬೋಟು ಮೂರಿಂಗ್‌ನಲ್ಲಿ ಸೆಳವಿಗೋ ಗಾಳಿಗೋ ಮುಖಮಾಡಿ ನಿಂತಿರುತ್ತದೆ. ಡಿಂಗಿಯೂ ಅದೇ ಕಡೆ ಮುಖಮಾಡಿ, ಹಿಂದಿನಿಂದ ನಿಧಾನವಾಗಿ ಪಕ್ಕಕ್ಕೆ ಬರಬೇಕು. ಡಿಂಗಿಯ ಮುಂದಿನ ಹಗ್ಗವನ್ನು ಬೋಟಿಗೆ ಬಿಗಿಯಾಗಿ ಕಟ್ಟಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲೇ. ಮುಂದಿನ ಹಗ್ಗ ಒಂದೇ ಇದ್ದರೆ, ಹತ್ತುವವರು ಕಾಲಿನಿಂದ ಒತ್ತಿದ ತಕ್ಷಣ ಡಿಂಗಿಯ ಹಿಂಭಾಗ ಹೊರಕ್ಕೆ ತಿರುಗುತ್ತದೆ. ಒಂದು ಕಾಲು ಬೋಟಿನಲ್ಲಿ, ಒಂದು ಡಿಂಗಿಯಲ್ಲಿ, ನಡುವೆ ನೀರು ಅಗಲವಾಗುತ್ತಾ ಹೋಗುತ್ತದೆ. ಹಿಂಭಾಗಕ್ಕೂ ಒಂದು ಹಗ್ಗ ಕಟ್ಟಿದರೆ ಡಿಂಗಿ ಅಲ್ಲಾಡದೆ ನಿಲ್ಲುತ್ತದೆ. ಅಲೆ ಇರುವ ದಿನ ಬೋಟಿನ ಹಿಂಭಾಗ ಎದ್ದು ಬಡಿಯುತ್ತದೆ. ಆಗ ನಡುಭಾಗದಲ್ಲಿ, ಹಾಯಿಯ ಕೂವೆಗಂಬ ಹಿಡಿದಿರುವ ತಂತಿಗಳ ಪಕ್ಕದಲ್ಲಿ ಹತ್ತುವುದು ಲೇಸು, ಹಿಡಿದುಕೊಳ್ಳಲು ತಂತಿಯೇ ಸಿಗುತ್ತದೆ. ಅಲ್ಲಿ ನೇತುಹಾಕುವ ಮಡಿಸುವ ಮೆಟ್ಟಿಲು ಹಾಕಿ. ಹತ್ತುವವರು ಡಿಂಗಿಯ ಮಧ್ಯದಲ್ಲೇ ಕಾಲಿಡಬೇಕು, ಕೊಳವೆಯ ಮೇಲಲ್ಲ. ಕೈಯಲ್ಲಿ ಚೀಲ ಇರಬಾರದು, ಸಾಮಾನು ಆಮೇಲೆ. ಇನ್ನೊಬ್ಬರು ಅಷ್ಟು ಹೊತ್ತೂ ಕೂತೇ ಇರಬೇಕು.

ಮೊದಲ ಅಭ್ಯಾಸಕ್ಕೆ ಗಾಳಿಯಿಲ್ಲದ ಬೆಳಗು, ಉಬ್ಬರ ತುಂಬಿ ಸೆಳವು ನಿಂತ ಹೊತ್ತು ಆರಿಸಿ. ಹುಟ್ಟು ಅವರ ಕೈಗೆ ಕೊಡಿ. ಸಲಹೆ ಕೇಳಿದರೆ ಮಾತ್ರ ಹೇಳಿ. ಇದು ಕಷ್ಟ, ನನಗೆ ಗೊತ್ತು.

ಸುರಕ್ಷತೆಯ ವಿಷಯದಲ್ಲಿ ಅವರ ಭಯಕ್ಕೆ ಆಧಾರವಿದೆ, ಅದನ್ನು ಒಪ್ಪಿಕೊಂಡೇ ಮಾತಾಡಿ. ಸಮುದ್ರಯಾನಕ್ಕಿಂತ ಈ ಸಣ್ಣ ದಾರಿಯಲ್ಲೇ ಜನ ಲೈಫ್ ಜಾಕೆಟ್ ಹಾಕದೆ ಹೋಗುವುದು. ಡಿಂಗಿಗೆ ಇಳಿಯುವ ಮೊದಲೇ ತಾನಾಗಿ ಉಬ್ಬುವ, 150 ನ್ಯೂಟನ್ ತೇಲುಬಲದ ಜಾಕೆಟ್, ತೊಡೆಯ ನಡುವಿನ ಪಟ್ಟಿ ಸಮೇತ. ಓಡಿಸುವವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ (ಕಿಲ್ ಕಾರ್ಡ್) ಮೊಣಕಾಲಿಗೆ. ಕತ್ತಲಾದರೆ ತಲೆಗೆ ಕಟ್ಟುವ ಟಾರ್ಚು, ನೀರು ಹೋಗದ ಕೈ ರೇಡಿಯೋ. ನೀರಿಗೆ ಬಿದ್ದವರು ಡಿಂಗಿಗೆ ಹತ್ತುವುದು ತೋಳ್ಬಲದಿಂದ ಆಗುವ ಕೆಲಸವಲ್ಲ. ಪಕ್ಕದಲ್ಲಿ ಕಾಲಿಡಲು ಒಂದು ಹಗ್ಗದ ಕುಣಿಕೆ ಇರಬೇಕು. ಬೋಟಿನ ಹಿಂದಿನ ಏಣಿ ನೀರಿನೊಳಗಿಂದಲೇ ಎಳೆದು ಬಿಚ್ಚುವಂತಿರಬೇಕು, ಕೆಳಮೆಟ್ಟಿಲು ನೀರಿನೊಳಗೆ ಕನಿಷ್ಠ 30 ಸೆಂ.ಮೀ. ಹೋಗಬೇಕು. ಗಾಳಿಗೆ ಒಂದು ಮಿತಿ ಮೊದಲೇ ಬರೆದಿಡಿ. ನಮ್ಮದು 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.), ಸೆಳವಿಗೆ ಎದುರಾಗಿ ಬೀಸಿದರೆ ಇನ್ನೂ ಕಡಿಮೆ. ಇಬ್ಬರಲ್ಲಿ ಯಾರು "ಇವತ್ತು ಬೇಡ" ಅಂದರೂ ಅಲ್ಲಿಗೆ ಮುಗಿಯಿತು, ಕಾರಣ ಕೇಳುವಂತಿಲ್ಲ. ಈ ಒಂದು ಷರತ್ತು ಮಿಕ್ಕ ಎಲ್ಲ ವಾದಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಬೋಟು ಕಿತ್ತುಕೊಂಡು ಹೋದರೆ ಎಂಬ ಪ್ರಶ್ನೆಗೆ ಮೂರಿಂಗ್ ಕೊಡುವವರ ಬಳಿಯೇ ಉತ್ತರ ಕೇಳಿ: ತಳದ ಭಾರ ಎಷ್ಟು, ಕೊನೆಯ ಸಲ ಎತ್ತಿ ನೋಡಿದ್ದು ಯಾವಾಗ, ಸರಪಳಿ ಎಷ್ಟು ದಪ್ಪ. 1000 ಕೆ.ಜಿ. ಕಾಂಕ್ರೀಟು ಸಮುದ್ರದ ನೀರಿನೊಳಗೆ 600 ಕೆ.ಜಿ.ಗಿಂತ ಕಡಿಮೆ ತೂಗುತ್ತದೆ, ಕಬ್ಬಿಣ ಅಷ್ಟು ಕಳೆದುಕೊಳ್ಳುವುದಿಲ್ಲ. ಸರಪಳಿ ಹೆಚ್ಚು ಸವೆಯುವುದು ಅಲೆಗೆ ಎದ್ದು ಬಿದ್ದು ತಳಕ್ಕೆ ಉಜ್ಜುವ ಜಾಗದಲ್ಲಿ. ಸರಪಳಿ ಜೋಡಿಸುವ ಕೊಂಡಿಯ, ಅಂದರೆ ಶ್ಯಾಕಲ್‌ನ, ಪಿನ್ನುಗಳನ್ನು ತಂತಿಯಿಂದ ಬಿಗಿದಿರಬೇಕು, ಇಲ್ಲದಿದ್ದರೆ ತಿರುಗಿ ತಿರುಗಿ ಬಿಚ್ಚಿಕೊಳ್ಳುತ್ತವೆ. ಸತು ಲೇಪಿಸಿದ ಸರಪಳಿಗೆ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿದ್ದರೆ ಬೇಡ ಅನ್ನಿ, ಉಪ್ಪುನೀರಿನಲ್ಲಿ ಸತುವನ್ನು ಅದು ಬೇಗ ತಿಂದುಹಾಕುತ್ತದೆ. ಬೋಯ್‌ನಿಂದ ಬೋಟಿಗೆ ನೈಲಾನಿನ ಹಗ್ಗ ಎರಡು ಇರಲಿ, ಬೋಟಿನ ಮೂತಿ ದಾಟುವಲ್ಲಿ ಒಂದೊಂದಕ್ಕೂ ಬೇರೆ ಬೇರೆ ರಕ್ಷಣೆಯ ಕೊಳವೆ. ಬಿರುಗಾಳಿಯಲ್ಲಿ ಮೊದಲು ಹೋಗುವುದು ಬಹಳ ಸಲ ಈ ಹಗ್ಗವೇ.

ಹಣದ ಪಟ್ಟಿ ಕೊನೆಗೆ ಬರಲಿ, ಪ್ರಾಮಾಣಿಕವಾಗಿರಲಿ. ಬಾಡಿಗೆಯ ವ್ಯತ್ಯಾಸದಿಂದ ಡಿಂಗಿ ಇಡುವ ಜಾಗದ ಶುಲ್ಕ, ಔಟ್‌ಬೋರ್ಡ್ ಸರ್ವಿಸು, ಮೂರಿಂಗ್ ತಪಾಸಣೆ, ವಿಮೆಯ ಹೆಚ್ಚುವರಿ, ಸೋಲಾರ್ ಫಲಕ ಎಲ್ಲ ಕಳೆಯಿರಿ. ದಡದ ವಿದ್ಯುತ್ ಇರುವುದಿಲ್ಲ. 100 ವ್ಯಾಟ್ ಫಲಕ ಒಳ್ಳೆಯ ಬಿಸಿಲಿಗೆ ದಿನಕ್ಕೆ 30 ಆಂಪಿಯರ್-ಅವರ್ ಆಸುಪಾಸು ಕೊಡುತ್ತದೆ, ಸಣ್ಣ ಫ್ರಿಜ್ ಒಂದೇ ಅಷ್ಟನ್ನೂ ಕುಡಿಯಬಲ್ಲದು. ನೀರಿಗೆ 20 ಲೀಟರಿನ ಕ್ಯಾನಿಗಿಂತ 10 ಲೀಟರಿನ ಎರಡು ವಾಸಿ. ಉಳಿಯುವ ಹಣ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಬರುತ್ತದೆ. ಅದರಲ್ಲೂ ಒಂದು ಪಾಲನ್ನು ಗಾಳಿಯ ದಿನಗಳಲ್ಲಿ ಪಾಂಟೂನಿನಲ್ಲಿ ರಾತ್ರಿ ತಂಗಲು ಎತ್ತಿಡಿ.

ಮೂರಿಂಗ್‌ನ ಒಳ್ಳೆಯ ಗುಣಗಳನ್ನು ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ. ಬೋಟು ಬಹಳ ಸಲ ಗಾಳಿಗೆ ಮುಖಮಾಡುವುದರಿಂದ ಮುಂದಿನ ಕಿಂಡಿ ತೆರೆದರೆ ಕ್ಯಾಬಿನ್ ತುಂಬ ಗಾಳಿ. ಪಕ್ಕದವರ ಮಾತು ಕೇಳಿಸದು. ಅಡ್ಡಗಾಳಿಯಲ್ಲಿ ಇಕ್ಕಟ್ಟಾದ ಜಾಗಕ್ಕೆ ಬೋಟು ತೂರಿಸುವ ಕಿರುಚಾಟವೂ ಇಲ್ಲ. ಚುಕ್ಕಾಣಿ ಅವರಿಗೆ ಕೊಟ್ಟು, ಕೊಕ್ಕೆ ಕೋಲಿನಿಂದ ಬೋಯ್ ಹಿಡಿಯುವ ಕೆಲಸ ನಾನು ಇಟ್ಟುಕೊಂಡೆ. ತಪ್ಪಿದರೆ ಒಂದು ಸುತ್ತು ಹೊಡೆದು ಮತ್ತೆ ಬಂದರಾಯಿತು.

ಪಾಂಟೂನಿನ ಜಾಗ ಕೂಡಲೇ ಬಿಟ್ಟುಕೊಡಬೇಡಿ, ಮತ್ತೆ ಬೇಕೆಂದರೆ ಸರದಿ ಕಾಯಬೇಕಾಗಬಹುದು. ತಾತ್ಕಾಲಿಕ ಮೂರಿಂಗ್ ಬಾಡಿಗೆಗೆ ಸಿಕ್ಕರೆ ಒಂದು ತಿಂಗಳು ನೋಡಿ. ಮೊಣಕಾಲು, ಸೊಂಟದ ನೋವಿರುವವರನ್ನು, ಅಗಲವಾದ ತೆರೆದ ನೀರಿನ ಅಲೆ ನೇರವಾಗಿ ಬರುವ ಜಾಗಕ್ಕೆ ಯಾರನ್ನೂ, ಒಪ್ಪಿಸಲು ಹೋಗಬೇಡಿ. ಅಂಥವರಿಗೆ ನಡುನದಿಯ ಪಾಂಟೂನ್ ಎಲ್ಲಾದರೂ ಇದೆಯೇ ವಿಚಾರಿಸಿ. ದಡಕ್ಕೆ ಸೇತುವೆ ಇಲ್ಲದ ಕಾರಣ ಅದಕ್ಕೂ ಡಿಂಗಿ ಬೇಕು, ಆದರೆ ಇಳಿಯುವುದು ಗಟ್ಟಿ ಹಲಗೆಯ ಮೇಲೆ, ಬೋಟಿಗೆ ಹತ್ತುವುದು ಅಲ್ಲಿಂದ.